ಸೀಮಂತಕ್ಕೆ ಹೋದ ಭತ್ತದ ಸರ

ಗೆಳೆಯರೇ, ನಾನು ಮಾಡಿದ ಸರ ಶುಭವಂತೆ, ಅದನ್ನು ಮಾಡಿದ ಕೈ ಮಾತ್ರ ಅಶುಭವಂತೆ. ಇವತ್ತು ಸೊರಬದ ಕಲಾಮೇಳದಲ್ಲಿ ಗೊತ್ತಾಯಿತು.

ಒಬ್ಬ ಹೆಂಗಸು ಸೊಸೆಯ ಸೀಮಂತಕ್ಕೆಂದು ನನ್ನ ಭತ್ತದ ಸರ ಆರಿಸಿಕೊಂಡರು. ಒಂದೊಂದೇ ಕಾಳು ಅಂಟಿಸಿ ಹದಿನೈದು ದಿನ ಮಾಡಿದ್ದು. ಮುರಿದೀತೆಂದು ಶಿಕಾರಿಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದೆ. ಡಬ್ಬಿಗೆ ಹಾಕುತ್ತಿರುವಾಗ ಅವರ ಕಣ್ಣು ನನ್ನ ಬರಿಗೊರಳಿನ ಮೇಲೆ ಬಿತ್ತು.

"ಯಜಮಾನ್ರು ಏನ್ ಮಾಡ್ತಾರ್ರೀ?"

"ತೀರ್ಕೊಂಡು ಎರಡು ವರ್ಷ ಆತ್ರೀ."

ಚಾಚಿದ್ದ ಕೈ ಹಿಂದೆ ಹೋಯಿತು. ಸರ ಬಿಡುವುದಕ್ಕೂ ಮನಸ್ಸಿಲ್ಲ. ಅಷ್ಟರಲ್ಲಿ ಅವರಿಗೆ ಪಕ್ಕದ ಉಪ್ಪಿನಕಾಯಿ ಸ್ಟಾಲಿನ ಅಕ್ಕನ ಹಣೆಯಲ್ಲಿ ಕಾಸಗಲ ಕುಂಕುಮ ಕಂಡಿತು.

"ಬೇಜಾರ್ ಮಾಡ್ಕೋಬೇಡಿ, ಚೊಚ್ಚಲ ಬಸುರಿ ನೋಡಿ. ಆ ಮುತ್ತೈದೆ ಕೈಲಿ ಕೊಡಿಸಿಬಿಡಿ."

ಮೈ ಉರಿಯಿತು. ಆದರೆ ಬೆಳಗ್ಗಿನಿಂದ ಆದದ್ದು ಅದೊಂದೇ ವ್ಯಾಪಾರ. ಡಬ್ಬಿಯನ್ನು ಅಕ್ಕನ ಕೈಗಿಟ್ಟೆ. ಅಕ್ಕ ಎದ್ದು ನಿಂತು, "ಸುಖವಾಗಿ ಹೆರಿಗೆ ಆಗ್ಲಿ," ಎಂದು ಎರಡೂ ಕೈಯಿಂದ ಕೊಟ್ಟರು. ಹೆಂಗಸು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಹೊರಟರು.

ಅವರು ಮರೆಯಾದ ಮೇಲೆ ಅಕ್ಕ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮೋರು ಹೋಗಿ ಐದು ವರ್ಷ ಆತು ಕಣೇ. ಕುಂಕುಮ ಇಲ್ದೆ ಕೂತ್ರೆ ನನ್ನ ಉಪ್ಪಿನಕಾಯಿನೂ ಯಾರೂ ಮುಟ್ಟಲ್ಲ."

ಆ ಸೊಸೆಗೆ ಒಳ್ಳೆಯದೇ ಆಗಲಿ. ಸರ ಮಾತ್ರ ಈಗ ಒಬ್ಬಳದಲ್ಲ, ಇಬ್ಬರು ವಿಧವೆಯರ ಕೈ ದಾಟಿ ಹೋಗಿದೆ.