ಮರುಳಪ್ಪ ಮುಟ್ಟದ ಕಾಗದ

ಮರುಳಪ್ಪನನ್ನು ನಾನು ಮೊದಲು ನೋಡಿದ್ದು ಹೊನ್ನಾಳಿಯ ಕಾಲೇಜೊಂದರಲ್ಲಿ ಕಸ ಗುಡಿಸಲು ಸೇರಿದ ದಿನ. ಅವನು ಲ್ಯಾಬಿನ ಅಟೆಂಡರ್, ಹಂಗಾಮಿ ನೌಕರ. ಉದ್ದನೆಯ ಒದ್ದೆ ಕಾಗದದ ಎರಡು ತುದಿಗಳನ್ನು ಎರಡು ತೊಟ್ಟಿಗಳಲ್ಲಿ ಅದ್ದಿ, ಕರೆಂಟು ಕೊಟ್ಟು ಕಾಯುತ್ತಿದ್ದ.

"ಇದೇನಪ್ಪಾ, ಕಾಗದಕ್ಕೆ ಸ್ನಾನ ಮಾಡಿಸ್ತೀಯ?"

"ಮೂರು ಥರದ ಅಮೈನೋ ಆಮ್ಲ ಕಲಸಿ ನಡುವೆ ಚುಕ್ಕೆ ಇಟ್ಟೀನಮ್ಮಾ. ಒಂದು ಪ್ಲಸ್ ಕಡೆ ಹೋಗ್ತೈತೆ, ಒಂದು ಮೈನಸ್ ಕಡೆ. ಇನ್ನೊಂದು ಇದ್ದಲ್ಲೇ ಇರ್ತೈತೆ."

"ನಂಗೇನೂ ಕಾಣವಲ್ದು."

"ಒಣಗಿಸಿ, ಔಷಧಿ ಸಿಂಪಡಿಸಿ, ಬಿಸಿ ಮಾಡಿದ್ರೆ ಕಾಣ್ತೈತೆ. ತಡಿ."

ಗಂಟೆ ಕಳೆದ ಮೇಲೆ ಮೂರು ನೇರಳೆ ಚುಕ್ಕೆಗಳು ನನಗೂ ಕಂಡವು.

ಮರುಳಪ್ಪ ನ್ಯಾಮತಿಯಿಂದ ಮೊದಲ ಬಸ್ಸಿಗೇ ಬರುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ಕೆಲಸ. ಬೆರಳಿನ ಬೆವರಿನಲ್ಲೂ ಆ ಆಮ್ಲ ಇರುತ್ತದಂತೆ. ಮುಟ್ಟಿದರೆ ಕಾಗದದ ಮೇಲೆ ಬೆರಳಿನ ಗುರುತೂ ನೇರಳೆಯಾಗಿ ಮೂಡುತ್ತದೆ. ಅದಕ್ಕೇ ಅವನು ಗ್ಲೌಸ್ ಹಾಕದೆ ಕಾಗದ ಮುಟ್ಟಿದ್ದನ್ನು ನಾನು ಕಾಣೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಲ್ಯಾಬಿನ ಉಸ್ತುವಾರಿಯ ಧರ್ಮಪ್ಪ ಮೇಷ್ಟ್ರು ಬಂದರು. ಬಾಯಿತುಂಬ ಎಲೆಯಡಿಕೆ. ಹೆಬ್ಬೆರಳಿನ ಸುಣ್ಣವನ್ನು ನಾನು ಆಗಷ್ಟೇ ಒರೆಸಿದ್ದ ಮೇಜಿಗೆ ಬಳಿದರು. ಹಲ್ಲಿನ ಸಂದಿಯಿಂದ ಅಡಿಕೆ ಚೂರು ಕಿತ್ತು, ಅದೇ ಎಂಜಲು ಬೆರಳಲ್ಲಿ ಕಾಗದ ಎತ್ತಿ ಹುಡುಗರಿಗೆ ತೋರಿಸುತ್ತಾ, "ನೋಡ್ರಲೇ, ಹಿಂಗೆ ಹಿಡೀಬೇಕು" ಎಂದರು.

ಔಷಧಿ ಹೊಡೆದು ಬಿಸಿ ಮಾಡಿದಾಗ ಚುಕ್ಕೆಗಳ ಮೇಲೆಲ್ಲ ನಾಲ್ಕು ಬೆರಳಿನ ಗುರುತು ಮೂಡಿದ್ದವು.

ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಏನ್ರೀ ಇದು, ಆಮ್ಲ ನೋಡ್ಬೇಕೋ, ಹಸ್ತರೇಖೆ ನೋಡ್ಬೇಕೋ?" ಎಂದರು.

"ಈ ಮರುಳಪ್ಪ ಸಾರ್. ಎಷ್ಟು ಬಡಕಂಡ್ರೂ ಬರಿಗೈಲೇ ಮುಟ್ತಾನೆ" ಎಂದರು ಧರ್ಮಪ್ಪ.

ನನಗೆ ತಡೆಯಲಾಗಲಿಲ್ಲ. "ಇಲ್ಲ ಸ್ವಾಮಿ, ಮುಟ್ಟಿದ್ದು ಈ ಮೇಷ್ಟ್ರು. ಬಾಯಿಗೆ ಹಾಕಿದ ಬೆರಳಲ್ಲೇ ಮುಟ್ಟಿದ್ರು."

"ನೀನು ನೆಲ ನೋಡ್ಕಂಡು ಗುಡಿಸ್ಬೇಕಮ್ಮಾ, ನನ್ನ ಬಾಯಿ ನೋಡ್ಕಂಡಲ್ಲ" ಎಂದು ಧರ್ಮಪ್ಪ ನಕ್ಕರು. ಪರೀಕ್ಷಕರು ಕಿಟಕಿಯ ಕಡೆ ತಿರುಗಿದರು.

ಸಂಜೆ ಧರ್ಮಪ್ಪ ಮರುಳಪ್ಪನ ಮುಂದೆ ಒಂದು ಪತ್ರ ಇಟ್ಟರು. "ತಪ್ಪು ನಂದು ಅಂತ ಸಹಿ ಹಾಕು. ನಿನ್ನ ಕೆಲಸ ಉಳಿಸೋದು ನನ್ನ ಜವಾಬ್ದಾರಿ."

ಮರುಳಪ್ಪ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಸಹಿ ಹಾಕಿದ. ಧರ್ಮಪ್ಪ ಬೆರಳಿಗೆ ಎಂಜಲು ಹಚ್ಚಿಕೊಂಡು ಪತ್ರ ಮಡಿಚಿದರು. ಆ ಹೇಸಿಗೆ ನೋಡಲಾರದೆ ಎದ್ದು ಹೊರಗೆ ಹೋದೆ. ಆಮೇಲೆ ಮರುಳಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಜೂನ್‌ನಲ್ಲಿ ಅದೇ ಪತ್ರ ತೋರಿಸಿ ಅವನನ್ನು ಕೆಲಸಕ್ಕೆ ಬರಬೇಡವೆಂದರು. ಹೆಂಡತಿಯ ಊರು ಜಗಳೂರಿಗೆ ಹೊರಟ. ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಬಸ್ಸು ಹತ್ತಿದವನು ಕಿಟಕಿಯಿಂದ ಬಗ್ಗಿ ಕೇಳಿದ:

"ಅಮ್ಮಾ, ಅವತ್ತು ನಾನು ಸಹಿ ಹಾಕಿದ್ದಕ್ಕೆ ನಿಂಗೆ ನನ್ನ ಮ್ಯಾಲೂ ಹೇಸಿಗೆ ಬಂತಾ?"