ಕಲ್ಲೋಳಿಗೆ ಬಂದ ಅರಸರ ಕುದುರೆ

ರೇಸಿನಲ್ಲಿ ಬಹುಮಾನದ ಮೇಲೆ ಬಹುಮಾನ ಗೆದ್ದ ಕುದುರೆಯೊಂದು ಕಲ್ಲೋಳಿಯ ನಮ್ಮ ಕಾಕಾನ ಕೊಟ್ಟಿಗೆಗೆ ಬಂದದ್ದು ಲಾರಿಯಲ್ಲಿ, ಹಿಂಡಿ ಚೀಲಗಳ ಜೊತೆ. ಹಳೆಯ ಅರಸುಮನೆತನದ ಕುದುರೆ ಅದು. ಗೆಲ್ಲುತ್ತಿದ್ದಷ್ಟು ದಿನ ಅರಸರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸೋಲತೊಡಗಿದ ಮೇಲೆ ಮಾರಿಬಿಟ್ಟರು. ಕೈಯಿಂದ ಕೈ ದಾಟಿ ಕಾಕಾನ ಪಾಲಿಗೆ ಬಂತು. ಮೂಡಲಗಿಯ ಕುದುರೆ ಗಾಡಿ ಓಟದ ಶರ್ಯತ್ತು ಗೆಲ್ಲಬೇಕೆಂಬುದು ಅವನ ಬಹಳ ದಿನಗಳ ಹುಚ್ಚು.

"ಈ ಸಲ ಗೆಲ್ಲಲಿಲ್ಲಂದ್ರ ಕುದರಿ ಮಾರತೇನಿ," ಎಂದು ಚಹಾದಂಗಡಿಯಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟ.

ಅರಸರ ಕುದುರೆಯನ್ನು ಬರಿಗೈಯಲ್ಲಿ ನೋಡಲಾದೀತೇ? ಬೆಳಿಗ್ಗೆ ಓಡಿಸಲು ಒಯ್ದರೆ ಮನೆಮನೆಯ ಮುಂದೆ ಹೆಂಗಸರು ಆರತಿ ತಟ್ಟೆ ಹಿಡಿದು ನಿಲ್ಲಿಸಿ, ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸುತ್ತಿದ್ದರು. ಬಾಜೂ ಮನೆಯ ಚಾಚಾ ಖರ್ಜೂರ ತರುತ್ತಿದ್ದರು. "ಮಹಾರಾಜರು ಬರಾಕತ್ತಾರ, ದಾರಿ ಬಿಡ್ರಿ!" ಎಂದು ಕಾಕಿಯೇ ಕೂಗುತ್ತಿದ್ದಳು. ಗಂಡನಿಗೆ ಆ ಭಾಗ್ಯ ಎಂದೂ ಇರಲಿಲ್ಲ. ಆರತಿ ತಟ್ಟೆ ಕಂಡರೆ ನಿಲ್ಲಬೇಕೆಂದು ಕುದುರೆ ಬೇಗ ಕಲಿಯಿತು. ನಮಗೆಲ್ಲ ಅದು ದೊಡ್ಡ ಮನೆತನದ ವಿನಯವಾಗಿ ಕಂಡಿತು.

ಶರ್ಯತ್ತಿನ ದಿನ ನಮ್ಮ ಗಾಡಿ ಉಳಿದವನ್ನೆಲ್ಲ ಹಿಂದೆ ಹಾಕಿ ಬಂತು. ಬೈಕುಗಳ ಹಾರ್ನು, ಸಿಳ್ಳೆ, ಎತ್ತಿ ಹಿಡಿದ ಮೊಬೈಲುಗಳು. ನಾನೂ ಹೆಮ್ಮೆಯಿಂದ ಕೂಗಿದೆ. ಗೆದ್ದ ಕೂಡಲೇ ಬೆಳಗಬೇಕೆಂದು ಕಾಕಿ ಕೊನೆಯ ಗೆರೆಗೆ ನಾಲ್ಕು ಹೆಜ್ಜೆ ಮೊದಲೇ ಆರತಿ ಹಿಡಿದು ನಿಂತಿದ್ದಳು. ಕುದುರೆ ಅವಳನ್ನು ನೋಡಿತು, ನಿಂತಿತು. ಕಾಕಾ ಲಗಾಮು ಜಾಡಿಸಿದ, ಬೈದ, ಕಡೆಗೆ ಕೈಮುಗಿದ. ಅದು ಸಾವಕಾಶವಾಗಿ ಬೆಲ್ಲ ತಿಂದು ಮುಗಿಸುವಷ್ಟರಲ್ಲಿ ಹಿಂದಿನ ಗಾಡಿಗಳೆಲ್ಲ ಗೆರೆ ದಾಟಿದ್ದವು.

ಎಲ್ಲರೆದುರು ಆಡಿದ ಮಾತು, ನುಂಗುವ ಹಾಗಿರಲಿಲ್ಲ. ಹುಕ್ಕೇರಿಯ ವ್ಯಾಪಾರಿ ಟೆಂಪೊ ತಂದ. ಕಾಕಿ ಅಡ್ಡ ನಿಂತಳು.

"ತಪ್ಪು ನಂದೈತ್ರಿ. ಆ ಮೂಕಪ್ರಾಣಿದೇನೈತಿ? ಇರಲಿ ಬಿಡ್ರಿ."

"ಸೋತ ಕುದರಿ ಇಟ್ಕೊಂಡು ಏನ್ ಮಾಡೂದು?" ಎಂದ ಕಾಕಾ, ಅವಳ ಮುಖ ನೋಡದೆ.

ಕುದುರೆ ಯಾರೂ ಎಳೆಯದೆ ತಾನೇ ಟೆಂಪೊ ಹತ್ತಿತು. ಮಾರಿಸಿಕೊಳ್ಳುವುದು ಅದಕ್ಕೆ ರೂಢಿಯಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಟೆಂಪೊ ಕಣ್ಮರೆಯಾದ ಮೇಲೆ ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು ಕಾಕಾನ ಕಡೆ ತಿರುಗಿದಳು.

"ಈಗ ನೀವೂ ಅರಸರಾದ್ರಿ ನೋಡ್ರಿ," ಎಂದಳು.