ಔರಾದದ ಸಿಸ್ಟರ್ ಬಯ್ಯುವ ರೀತಿ

ಔರಾದದ ಆ ನಿವೃತ್ತ ನರ್ಸನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ದನಿ ಇರಲಿಲ್ಲ. ಅಂಥವರ ಪರವಾಗಿ ಮಾತಾಡುವ ಟ್ಯಾಬೊಂದನ್ನು ನಮ್ಮ ಸಂಶೋಧನಾ ತಂಡ ರೂಪಿಸುತ್ತಿತ್ತು. ಅದನ್ನು ಪರೀಕ್ಷಿಸಲು ನಾನು ಬೀದರಿನಿಂದ ಬಸ್ಸಿನಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಒಂದೆರಡು ಪದ ಒತ್ತಿದರೆ ಸಾಕು, ಟ್ಯಾಬು ಉಳಿದುದನ್ನು ಊಹಿಸಿ ಸಭ್ಯವಾದ ವಾಕ್ಯ ನುಡಿಯುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಸಿಸ್ಟರ್ ಹುಬ್ಬು ಗಂಟಿಕ್ಕಿ, ಕೊಳೆ ಹತ್ತಿದೆಯೇನೋ ಎಂಬಂತೆ ಸೆರಗಿನಿಂದ ಪರದೆ ಒರೆಸುತ್ತಿದ್ದರು.

ಒಂದು ದಿನ ಪಕ್ಕದ ಮನೆಯಾಕೆ, ವಾರದಿಂದ ನುಂಗದೆ ಉಳಿಸಿದ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಹಿಡಿದು ಬಂದಳು. ಸಿಸ್ಟರ್ ‘ಗುಳಿಗಿ ನುಂಗು’ ಎಂದು ಒತ್ತಿದರು.

“ದಯವಿಟ್ಟು ಗುಳಿಗೆ ತೆಗೆದುಕೊಳ್ಳಿ” ಎಂದಿತು ಟ್ಯಾಬು.

ಆಕೆಯ ಮುಖ ಸಪ್ಪಗಾಯಿತು. “ಯಾಕ್ರಿ ಸಿಸ್ಟರ್, ನನ್ನ ಮ್ಯಾಲ ಸಿಟ್ಟ ಬಂದದೇನ್ರಿ? ಹೊರಗಿನವ್ರ ಜೋಡಿ ಮಾತಾಡ್ದಂಗ ಮಾತಾಡ್ತೀರಿ. ಬರಬ್ಯಾಡಂದ್ರ ಹೇಳ್ರಿ, ಹೋಗ್ತೇನಿ.”

ಸಿಸ್ಟರ್ ಆಕೆಯ ಕೈ ಗಟ್ಟಿಯಾಗಿ ಹಿಡಿದು ನನ್ನತ್ತ ನೋಡಿದರು. ನಾನು ಊಹಿಸುವ ವ್ಯವಸ್ಥೆಯನ್ನು ಬಂದ್ ಮಾಡಿದೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಪ್ರತಿ ರೋಗಿಗೂ ಹೇಳುತ್ತಿದ್ದ ಮಾತನ್ನು ಅವರು ಒಂದೊಂದೇ ಅಕ್ಷರ ಒತ್ತಿ ಬರೆದರು. ಟ್ಯಾಬು ಅದನ್ನು ಹಾಗೆಯೇ ನುಡಿಯಿತು.

“ಏ ಹುಚ್ಚಿ, ಸಾಯ್ಲಾಕ ಅವಸರ ಅದ ಏನ ನಿನಗ? ಮೊದ್ಲ ನುಂಗು!”

“ಈಗ ನೋಡ್ರಿ, ನಮ್ಮ ಸಿಸ್ಟರ್ ಮಾತಾಡಿದ್ರು” ಎಂದು ನಕ್ಕು ಆಕೆ ಒಂದು ಗುಳಿಗೆ ನುಂಗಿದಳು.

ಆಕೆ ನುಂಗಿ ಆದ ಮೇಲೂ ಸಿಸ್ಟರ್ ಆ ವಾಕ್ಯವನ್ನು ಇನ್ನೊಮ್ಮೆ ನುಡಿಸಿದರು.